ಖಾಯಂ ಚೆಂಡು

ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಸರಹದ್ದು ಕಲ್ಲುಗಳ ಕಚೇರಿಯಲ್ಲಿ ಖಾಯಂ ನೌಕರರಿಗೆ ಮಾತ್ರ ಕುರ್ಚಿಯಲ್ಲಿ ಕೂರುವ ಹಕ್ಕಿತ್ತು. ಹಂಗಾಮಿ ನೌಕರರು ಎಲ್ಲಿ ಕೂರತಕ್ಕದ್ದು ಎಂಬ ವಿಷಯದಲ್ಲಿ ನಿಯಮಾವಳಿ ಮೌನವಾಗಿತ್ತು. ಆದಕಾರಣ ಹಂಗಾಮಿ ಗುಮಾಸ್ತ ವೆಂಕಟಾಚಲ ಕೆಲಸಕ್ಕೆ ಸೇರಿದಂದಿನಿಂದ ಒಂದು ಸರಹದ್ದು ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದ. ಅದು ಸೋಗಾನೆಯ ಹುಲಿಗೆಮ್ಮನ ಹೊಲದ ಕಲ್ಲು. ಪಕ್ಕದ ಹೊಲದವನು ಕಲ್ಲನ್ನು ಒಳಕ್ಕೆ ಸರಿಸಿದ್ದಾನೆಂದು ಆ ಮುದುಕಿ ಅರ್ಜಿ ಕೊಟ್ಟಿದ್ದಳು. ಕಚೇರಿಯವರು ಕೂಡಲೇ ಕ್ರಮ ಕೈಗೊಂಡು ಕಲ್ಲನ್ನೇ ಕಿತ್ತು ತಂದು ವಿಚಾರಣೆಗೆ ಇಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ಕಲ್ಲು ತಂಪಾಗಿರುತ್ತಿತ್ತು. ಮಿಕ್ಕ ಕಾಲದ ಮಾತು ಬೇಡ.

ವೆಂಕಟಾಚಲನ ಬೆನ್ನ ಹಿಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಬೆತ್ತದ ಕುರ್ಚಿಯೊಂದು ಖಾಲಿ ಇತ್ತು. ಅದರಲ್ಲಿ ಕೂರುತ್ತಿದ್ದ ಖಾಯಂ ಗುಮಾಸ್ತರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಕೆಲಸವನ್ನೆಲ್ಲ ಇವನೇ ಮಾಡುತ್ತಿದ್ದ. ಕುರ್ಚಿ ಮಾತ್ರ ಅವರದಾಗಿಯೇ ಉಳಿದಿತ್ತು. ಬೆಳಿಗ್ಗೆ ಬಂದವನೇ ಪಂಚೆಯ ತುದಿಯಿಂದ ಕುರ್ಚಿಯ ಧೂಳು ಒರೆಸಿ, ಒಂದು ಸಲ ಆಸೆಯಿಂದ ನೋಡಿ, ಕಲ್ಲಿನ ಮೇಲೆ ಕೂರುವುದು ಅವನ ಪದ್ಧತಿ.

ಈಗ ಆ ಕುರ್ಚಿಯ ಮೇಲಿನ ಆಸೆ ಹೆಚ್ಚಲು ಒಂದು ಕಾರಣ ಒದಗಿತ್ತು. ಕಾರಣದ ಹೆಸರು ತುಂಗಮ್ಮ. ಭದ್ರಾವತಿಯ ಮೊಳೆ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಸೈರನ್ನಿನ ಕೂಗು ಹಾಕುವ ಟೈಂಕೀಪರ್ ಸಿದ್ದಯ್ಯನ ಮಗಳು. ಹೆಣ್ಣು ನೋಡುವ ಶಾಸ್ತ್ರದ ದಿನ ಉಪ್ಪಿಟ್ಟಿನ ತಟ್ಟೆ ಕೊಡುತ್ತಾ ಅವಳು, "ನಿಧಾನಕ್ಕೆ ತಿನ್ನಿ, ಬೇಗ ಮುಗಿಸಿದ್ರೆ ಎದ್ದು ಹೋಗ್ಬೇಕಾಗತ್ತೆ" ಎಂದು ಪಿಸುಗುಟ್ಟಿದ್ದಳು. ವೆಂಕಟಾಚಲ ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ.

ಆದರೆ ಸಿದ್ದಯ್ಯ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಹುಡುಗ ಒಳ್ಳೇವನು, ಅಕ್ಷರ ದುಂಡಗಿದೆ, ಎಲ್ಲಾ ಸರಿ. ಆದ್ರೆ ಹಂಗಾಮಿ ಅಳಿಯ ನಂಗೆ ಬೇಡ ಮಾರಾಯ. ಸರಹದ್ದು ಕಚೇರಿಯ ಖಾಯಂ ಗುಮಾಸ್ತನಿಗೇ ಮಗಳನ್ನ ಕೊಡೋದು ಅಂತ ಊರಿಗೆಲ್ಲ ಹೇಳಿದೀನಿ. ದೀಪಾವಳಿ ಒಳಗೆ ಖಾಯಂ ಆಗಿ ಬಾ. ಇಲ್ಲಾಂದ್ರೆ ತರೀಕೆರೆ ಕಡೆಯಿಂದ ಇನ್ನೊಂದು ಸಂಬಂಧ ಬಂದಿದೆ."

ಇದು ಮೂವತ್ತೇಳನೇ ಇಸವಿಯ ಮಾತು.

ಆ ವರ್ಷ ದಸರಾ ಆಟೋಟಗಳಲ್ಲಿ ಬಾಸ್ಕೆಟ್‌ಬಾಲ್ ಎಂಬ ಹೊಸ ಆಟವನ್ನು ಸೇರಿಸಲಾಯಿತು. ಎತ್ತರದ ಕಂಬದ ಮೇಲಿನ ಬುಟ್ಟಿಗೆ ಚೆಂಡು ಎಸೆಯುವುದು. ಒಂದೊಂದು ಕಡೆಗೆ ಐದೈದು ಜನ. ಸರಹದ್ದು ಕಚೇರಿಗೆ ಎದುರಾಳಿ ಭದ್ರಾವತಿಯ ಮೊಳೆ ಕಾರ್ಖಾನೆಯ ತಂಡ. ಹಿಂದಿನ ವರ್ಷ ಇದೇ ಕಾರ್ಖಾನೆಯವರು ಹಗ್ಗಜಗ್ಗಾಟದಲ್ಲಿ ಸರಹದ್ದು ಕಚೇರಿಯವರನ್ನು ಹಗ್ಗದ ಸಮೇತ ಎಳೆದುಕೊಂಡು ಹೋಗಿ ಭದ್ರಾ ಹೊಳೆಯ ದಂಡೆಯವರೆಗೂ ಬಿಟ್ಟಿರಲಿಲ್ಲ. ಕಚೇರಿಯ ಸೂಪರಿಂಟೆಂಡೆಂಟ್ ಹುಲಿಯಪ್ಪನವರಿಗೆ ಆ ಅವಮಾನ ಇನ್ನೂ ಹಸಿಯಾಗಿತ್ತು. ಅವರು ಹೊರಡಿಸಿದ ಹುಕುಂ ಹೀಗಿತ್ತು:

"ಸದರಿ ಪಂದ್ಯದಲ್ಲಿ ಈ ಕಚೇರಿಯ ಗೆಲುವಿಗೆ ಯಾರು ಕಾರಣರಾಗುತ್ತಾರೋ, ಅವರನ್ನು ಖಾಲಿ ಇರುವ ಗುಮಾಸ್ತೆ ಹುದ್ದೆಗೆ ಖಾಯಮ್ಮಾಗಿ ನೇಮಿಸಿ, ಕುರ್ಚಿ ಒದಗಿಸತಕ್ಕದ್ದು."

ಹುಕುಮಿನ ನಕಲು ಬರೆಯುತ್ತಿದ್ದ ವೆಂಕಟಾಚಲ ಕುರ್ಚಿ ಎಂಬಲ್ಲಿ ನಿಲ್ಲಿಸಿದ, ಲೇಖನಿಯಿಂದ ಒಂದು ಹನಿ ಮಸಿ ಬಿತ್ತು. ಆಫೀಸಿನಲ್ಲಿ ಆ ಆಟವನ್ನು ಕಣ್ಣಿಂದ ಕಂಡವನು ಅವನೊಬ್ಬನೇ. ಬೆಂಗಳೂರಿನಲ್ಲಿ ಪರೀಕ್ಷೆಗೆ ಕಟ್ಟಿ ನಪಾಸಾದ ವರ್ಷ, ಓದಬೇಕಾದ ಹೊತ್ತಿನಲ್ಲೆಲ್ಲ ಅವನು ಒಂದು ಆಟದ ಬಯಲಿನ ಬೇಲಿ ಹಿಡಿದು ನಿಂತಿದ್ದ. ನಪಾಸಾದದ್ದು ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೆ ಕಣ್ಣು ತುಂಬಿತು. ಹುಲಿಯಪ್ಪನವರು ಅವನನ್ನೇ ತಂಡ ಕಟ್ಟಲು ನೇಮಿಸಿದರು, ಹಂಗಾಮಿಯಾಗಿ.

ತಂಡವೆಂದರೆ ಇಷ್ಟು: ನಿವೃತ್ತಿಗೆ ಹತ್ತಿರವಾದ ಶಿರಸ್ತೇದಾರ ಮೂರ್ತಪ್ಪನವರು, ಬಾಗಿಲಲ್ಲಿ ಅಡ್ಡಡ್ಡ ತೂರಿ ಬರಬೇಕಾದಷ್ಟು ದಪ್ಪಗಿದ್ದ ದಫ್ತರಿನ ಪುಟ್ಟಯ್ಯ, ಏಣಿಯಿಲ್ಲದೆ ಬೀರುವಿನ ತಲೆಯ ಮೇಲಿನ ಕಟ್ಟು ಇಳಿಸುವಷ್ಟು ಉದ್ದಗಿದ್ದ ಜವಾನ ಹೂವಪ್ಪ, ಟೈಪಿಸ್ಟು, ಮತ್ತು ವೆಂಕಟಾಚಲ. ಬುಟ್ಟಿಯನ್ನು ಬುಟ್ಟಿ ಹೆಣೆಯುವವರಿಂದಲೇ ತರಿಸಲಾಯಿತು. ಅದರ ತಳ ಕತ್ತರಿಸಬೇಕೆಂದು ವೆಂಕಟಾಚಲ ಹೇಳಿದಾಗ, ಸರ್ಕಾರಿ ಸಾಮಾನಿಗೆ ತೂತು ಮಾಡಲು ಯಾರಿಗೂ ಅಧಿಕಾರವಿಲ್ಲವೆಂದು ತಿಳಿಸಲಾಯಿತು. ಹೀಗಾಗಿ ಚೆಂಡು ಒಮ್ಮೆ ಬುಟ್ಟಿಗೆ ಬಿದ್ದರೆ ಅಲ್ಲೇ ಇರುತ್ತಿತ್ತು.

ಮೊದಲ ದಿನದ ಅಭ್ಯಾಸದಲ್ಲಿ ವೆಂಕಟಾಚಲ ಎಲ್ಲರಿಗೂ ತಿಳಿದ ರೀತಿಯನ್ನೇ ಹೇಳಿಕೊಟ್ಟ. ಎದುರಾಳಿಗಳಲ್ಲಿ ಒಬ್ಬೊಬ್ಬನಿಗೆ ನಮ್ಮಲ್ಲಿ ಒಬ್ಬೊಬ್ಬರು. ಅವನು ಹೋದಲ್ಲಿಗೆ ಹೋಗಬೇಕು, ಬೆನ್ನು ಬಿಡಬಾರದು. ಎದುರಿಗೆ ಆಡಲು ಹೈಸ್ಕೂಲಿನ ಹುಡುಗರು ಬಂದಿದ್ದರು. ಮೂರ್ತಪ್ಪನವರು ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಅವರ ಪಾಲಿನ ಹುಡುಗ ನೀರು ಕುಡಿಯಲು ನಲ್ಲಿಗೆ ಹೋದರೆ ಇವರೂ ಹೋದರು. ಹುಡುಗ ಬೇಸತ್ತು ಮನೆಗೆ ಹೊರಟರೆ ಇವರೂ ಹಿಂದೆಯೇ ಹೋಗಿ, ಅವನ ಮನೆಯ ಜಗಲಿಯಲ್ಲಿ ಕಾಫಿ ಕುಡಿದು, ಕತ್ತಲಾದ ಮೇಲೆ ಬಂದರು. ಪುಟ್ಟಯ್ಯ ಎರಡು ಸುತ್ತು ಓಡಿ ಅಂಗಾತ ಮಲಗಿದ. ಹುಡುಗರು ಬುಟ್ಟಿ ತುಂಬಿಸಿದರು.

ವೆಂಕಟಾಚಲ ಮರುದಿನ ಕಲ್ಲಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ತುಂಗಮ್ಮ ತರೀಕೆರೆಗೆ ಹೋಗುವ ರೈಲು ಹತ್ತುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಆಗ ಹುಲಿಗೆಮ್ಮ ಎಂದಿನಂತೆ ಅರ್ಜಿ ವಿಚಾರಿಸಲು ಬಂದಳು. ಅವಳು ಬಂದಾಗೆಲ್ಲ ಅವನು ನಾಚಿಕೆಯಿಂದ ಅವಳ ಕಲ್ಲು ಬಿಟ್ಟು ಎದ್ದು ನಿಲ್ಲುತ್ತಿದ್ದ, ಅಂದೂ ನಿಂತ. ನಿಂತು ನೋಡಿದ.

ಮುದುಕಿ ಮೂರ್ತಪ್ಪನವರ ಮೇಜಿಗೆ ಹೋದಳು. "ಇದು ನನ್ನ ಸರಹದ್ದಲ್ಲಮ್ಮ, ಆ ಕಡೆ" ಎಂದರು ಅವರು. ಆ ಕಡೆ ಪುಟ್ಟಯ್ಯನಿದ್ದ. "ನನ್ನದಲ್ಲ, ಟೈಪಿಸ್ಟನ್ನ ಕೇಳು." ಟೈಪಿಸ್ಟು ತಲೆಯೆತ್ತದೆ ಬಾಗಿಲ ಕಡೆ ಬೆರಳು ತೋರಿಸಿದ. ಬಾಗಿಲಲ್ಲಿ ಹೂವಪ್ಪ ಎರಡೂ ಕೈ ಚಾಚಿ ನಿಂತು, "ಸಾಹೇಬ್ರು ಕೆಲಸದಲ್ಲಿದಾರೆ" ಎಂದ. ಮುದುಕಿ ತಿರುಗಿ ಮೂರ್ತಪ್ಪನವರ ಮೇಜಿಗೆ ಬಂದಳು. ಇಷ್ಟರಲ್ಲಿ ಒಬ್ಬರೂ ಕೂತಲ್ಲಿಂದ ಎದ್ದಿರಲಿಲ್ಲ, ಒಬ್ಬರಿಗೂ ಬೆವರು ಬಂದಿರಲಿಲ್ಲ. ಆದರೂ ಮುದುಕಿ ಸಾಹೇಬರ ಕೋಣೆ ಮುಟ್ಟಲಾಗಲಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ವೆಂಕಟಾಚಲ ಹಣೆ ಚಚ್ಚಿಕೊಂಡ. ಬೆಂಗಳೂರಿನಲ್ಲಿ ಪಳಗಿದ ತಂಡಗಳು ಆಡುತ್ತಿದ್ದದ್ದೂ ಇದನ್ನೇ! ಆಳನ್ನು ಕಾಯುವುದಲ್ಲ, ಜಾಗ ಕಾಯುವುದು. ಅದನ್ನು ಅಲ್ಲಿಯವರು ಬಹಳ ಕಷ್ಟಪಟ್ಟು ಕಲಿಯುತ್ತಿದ್ದರು. ಇಲ್ಲಿ ಅದು ಹುಟ್ಟುಗುಣವಾಗಿತ್ತು.

ಅವನು ಸಾಹೇಬರ ಕೋಣೆಗೆ ಓಡಿಹೋಗಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಐದು ಮನೆ ಬರೆದ. ಮುಂದೆ ಎರಡು, ನಡುವೆ ಒಂದು, ಬುಟ್ಟಿಯ ಬುಡದಲ್ಲಿ ಎರಡು.

"ಒಬ್ಬೊಬ್ಬರಿಗೆ ಒಂದೊಂದು ಸರಹದ್ದು ಸ್ವಾಮಿ. ಎದುರಿನವನು ನಮ್ಮ ಮನೆ ಒಳಗೆ ಬಂದ್ರೆ ತಡೆಯೋದು. ದಾಟಿ ಹೋದ್ರೆ ಅವನು ಪಕ್ಕದವರ ಪಾಲು, ನಾವು ಹಿಂದೆ ಹೋಗೋ ಹಾಗಿಲ್ಲ."

"ಓಡೋದು ಬೇಡ?" ಎಂದರು ಹುಲಿಯಪ್ಪನವರು, ನಂಬಲಾಗದೆ.

"ಬೇಡ ಸ್ವಾಮಿ. ಉಸಿರು ಉಳಿಯತ್ತೆ. ಅವರು ಓಡಿ ಓಡಿ ಸುಸ್ತಾಗ್ತಾರೆ, ನಾವು ಹೊಸಬರ ಹಾಗೇ ಇರ್ತೀವಿ. ದಪ್ಪಗಿರೋರು ಅಡ್ಡ ನಿಂತ್ರೆ ಸಾಕು, ಉದ್ದಗಿರೋರು ಕೈ ಎತ್ತಿದ್ರೆ ಸಾಕು, ವಯಸ್ಸಾದೋರು ಗದರಿಸಿದ್ರೂ ನಡೆಯತ್ತೆ. ಬುಟ್ಟಿ ಹತ್ತಿರ ಯಾರೂ ಬರೋಕಾಗಲ್ಲ, ದೂರದಿಂದ ಎಸೆದು ಕೈ ನೋಯಿಸ್ಕೊಳ್ತಾರೆ. ತಪ್ಪಿದ ಚೆಂಡು ತಾನಾಗಿ ನಮ್ಮಲ್ಲಿ ಒಬ್ಬರ ಕೈಗೇ ಬೀಳತ್ತೆ."

ಹುಲಿಯಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ದಿನ ನಾವು ಮಾಡ್ತಿದ್ದದ್ದು ಒಂದು ಆಟ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಯ್ಯ" ಎಂದರು. ಅವರ ದನಿ ಒದ್ದೆಯಾಗಿತ್ತು.

ಅಭ್ಯಾಸದಲ್ಲಿ ಪದ್ಧತಿಯ ಪ್ರಯೋಜನ ಕಣ್ಣಿಗೆ ಕಂಡಿತು. ಮುಂದಿನ ಮನೆಯಲ್ಲಿ ನಿಂತ ಮೂರ್ತಪ್ಪನವರು ಚೆಂಡು ಹಿಡಿದು ಬಂದ ಹುಡುಗನಿಗೆ ಅಭ್ಯಾಸಬಲದಿಂದ "ಏನು ಕೆಲಸ? ಯಾರು ಕಳಿಸಿದ್ದು?" ಎಂದು ಕೇಳಿದರು, ಹುಡುಗ ಉತ್ತರ ಯೋಚಿಸುತ್ತಾ ನಿಂತುಬಿಟ್ಟ. ನಡುವಿನ ಮನೆಯನ್ನು ಪುಟ್ಟಯ್ಯ ಗೆರೆಯಿಂದ ಗೆರೆಗೆ ತುಂಬಿದ್ದ. ಬುಟ್ಟಿಯ ಕೆಳಗೆ ಹೂವಪ್ಪ ಕೈಯೆತ್ತಿ ನಿಂತರೆ ಆ ಕಡೆ ಆಕಾಶವೇ ಕಾಣುತ್ತಿರಲಿಲ್ಲ. ಹೈಸ್ಕೂಲಿನವರು ಸಂಜೆಯವರೆಗೆ ಹೆಣಗಿ, ಒಂದೂ ಗೋಲಿಲ್ಲದೆ, ಅರ್ಜಿದಾರರ ಮುಖ ಮಾಡಿಕೊಂಡು ಮನೆಗೆ ಹೋದರು.

ಆಗ ವೆಂಕಟಾಚಲ ಪದ್ಧತಿಯ ಉಳಿದರ್ಧ ಹೇಳಿದ. "ಚೆಂಡು ನಮ್ಮ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಸರಹದ್ದು ಬಿಟ್ಟು ಆ ಕಡೆಯ ಬುಟ್ಟಿಗೆ ಓಡ್ಬೇಕು."

ಎಲ್ಲರೂ ತಮ್ಮ ಕಾಲಡಿಯ ಸುಣ್ಣದ ಗೆರೆಯನ್ನು ನೋಡಿಕೊಂಡರು.

"ಬಿಟ್ಟು?" ಎಂದರು ಮೂರ್ತಪ್ಪನವರು. "ಬಿಟ್ಟು ಹೋದ್ರೆ ನಾವಿಲ್ಲದಾಗ ಅದನ್ನ ಯಾರು ನೋಡ್ಕೊಳ್ತಾರೆ? ನಾಳೆ ಇನ್ಯಾರೋ ಬಂದು ನಿಂತು ನಂದು ಅಂದ್ರೆ? ನನ್ನ ಸರ್ವಿಸಿನಲ್ಲಿ ನಾನು ಒಂದು ಸಲಾನೂ ಸರಹದ್ದು ಬಿಟ್ಟವನಲ್ಲ."

ವಿಷಯ ಸಾಹೇಬರವರೆಗೆ ಹೋಯಿತು. ಎರಡನೇ ಹುಕುಂ ಹೊರಬಿತ್ತು: "ಪಂದ್ಯ ನಡೆಯುವಾಗ ತಮ್ಮ ಸರಹದ್ದು ಬಿಟ್ಟು ಹೋದವರನ್ನು, ಹುದ್ದೆ ಬಿಟ್ಟು ಹೋದವರೆಂದು ಭಾವಿಸತಕ್ಕದ್ದು." ಖಾಯಂ ನೌಕರ ಹುದ್ದೆ ಬಿಟ್ಟರೆ ವಿಚಾರಣೆ, ಹಂಗಾಮಿ ಬಿಟ್ಟರೆ ಅಲ್ಲಿಗೆ ಅವನ ನೌಕರಿ ಮುಗಿಯಿತು.

"ಹಾಗಾದ್ರೆ ಗೋಲು ಹೊಡೆಯೋದು ಹೇಗೆ ಸ್ವಾಮಿ?" ಎಂದು ವೆಂಕಟಾಚಲ ಕೈ ಮುಗಿದು ಕೇಳಿದ.

"ಅದು ಬೇರೆ ಶಾಖೆಯ ಕೆಲಸ" ಎಂದರು ಹುಲಿಯಪ್ಪನವರು. ಆ ಹುಕುಮಿನ ನಕಲನ್ನೂ ವೆಂಕಟಾಚಲನೇ ತನ್ನ ದುಂಡನೆಯ ಅಕ್ಷರದಲ್ಲಿ ಬರೆದ. ಅಕ್ಷರ ಚೆನ್ನಾಗಿಯೇ ಬಂತು.

ಪಂದ್ಯ ಭದ್ರಾವತಿಯಲ್ಲಿ, ಕಾರ್ಖಾನೆಯ ಗೇಟಿನ ಮುಂದಿನ ಬಯಲಿನಲ್ಲಿ, ಕಚೇರಿಯ ತಳವಿದ್ದ ಬುಟ್ಟಿಗಳನ್ನೇ ಕಟ್ಟಿ ನಡೆಯಿತು. ಊರಿಗೆ ಊರೇ ಬಂದಿತ್ತು. ಹೆಂಗಸರ ಕಡೆ ತುಂಗಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು. ಸಿದ್ದಯ್ಯ ಗೇಟಿನ ಪಕ್ಕದ ತನ್ನ ಗೂಡಿನಲ್ಲಿ, ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಆಗಬಹುದಾದ ಅಳಿಯನ ಮೇಲೆ ಇಟ್ಟಿದ್ದ.

ಕಾರ್ಖಾನೆಯವರು ಗಟ್ಟಿಮುಟ್ಟಾದ ಆಳುಗಳು. ಗಾಳಿಯ ಹಾಗೆ ಬಂದರು, ಗೋಡೆಗೆ ಬಡಿದ ಹಾಗೆ ನಿಂತರು. ಮೂರ್ತಪ್ಪನವರು "ಏನು ಕೆಲಸ?" ಎಂದರು. ಪುಟ್ಟಯ್ಯ ಇದ್ದ. ಹೂವಪ್ಪ ಕೈ ಎತ್ತಿದ. ಅವರು ಎಡಕ್ಕೆ ಬಂದರು, ಬಲಕ್ಕೆ ಬಂದರು, ಮತ್ತೆ ಮೂರ್ತಪ್ಪನವರಲ್ಲಿಗೇ ಬಂದರು. "ಇದೆನ್ನ ಸಾರ್, ಆಟ್ಟಮಾ ಆಫೀಸಾ?" ಎಂದು ಅವರಲ್ಲಿ ಒಬ್ಬ ತಮಿಳಿನಲ್ಲಿ ಅಂಪೈರನ್ನು ಕೇಳಿದ. ಅಂಪೈರರಿಗೂ ಅದೇ ಅನುಮಾನವಿತ್ತು. ಇತ್ತ ವೆಂಕಟಾಚಲ ಚೆಂಡು ಸಿಕ್ಕಾಗಲೆಲ್ಲ ತನ್ನ ಮನೆಯ ಗೆರೆಯ ಮೇಲೆ ತುದಿಗಾಲಲ್ಲಿ ನಿಂತು, ದೇವರನ್ನು ನೆನೆದು, ಅಷ್ಟು ದೂರದ ಬುಟ್ಟಿಗೆ ಎಸೆಯುತ್ತಿದ್ದ. ಒಂದು ಸಲ ಅದು ಸಿದ್ದಯ್ಯನ ಗೂಡಿಗೇ ಬಡಿಯಿತು. ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಯಾರದೂ ಒಂದು ಗೋಲಾಗಿರಲಿಲ್ಲ.

ಆಗ ಪಾಳಿ ಬದಲಾಗುವ ಹೊತ್ತಾಯಿತು. ಸಿದ್ದಯ್ಯ ಕರ್ತವ್ಯನಿಷ್ಠ. ಮಗಳ ಮದುವೆಯ ವಿಷಯವೆಂದು ಅರೆಗಳಿಗೆಯೂ ತಡಮಾಡದೆ ಹಗ್ಗ ಜಗ್ಗಿ ಕೂಗು ಹಾಕಿದ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟು. ಕೂಗು ಕೇಳಿದ ಕ್ಷಣ ಕೈಯಲ್ಲಿರುವುದನ್ನು ಇದ್ದಲ್ಲೇ ಬಿಟ್ಟು ಆಚೆ ನಡೆಯಬೇಕು. ಆಮೇಲೆ ಒಂದು ಮೊಳೆ ಮುಟ್ಟಿದರೂ ತಪ್ಪು. ಮುಂದಿನ ಪಾಳಿಯವರು ಗೇಟಿನಲ್ಲಿ ಹಾಜರಿ ಹಾಕಿ ಬಂದು ಎತ್ತಿಕೊಳ್ಳುತ್ತಾರೆ. ಅದರಂತೆ ಕಾರ್ಖಾನೆಯ ಐವರೂ, ಓಡುತ್ತಿದ್ದವರು ಓಟ ನಿಲ್ಲಿಸಿ, ಎಸೆಯಲು ಕೈಯೆತ್ತಿದ್ದವನು ಕೈ ಇಳಿಸಿ, ಬುತ್ತಿ ಡಬ್ಬಿ ಎತ್ತಿಕೊಂಡು ಮನೆಗೆ ಹೊರಟರು. ಮುಂದಿನ ಪಾಳಿಯ ಐವರು ಹಾಜರಿಯ ಸಾಲಿನಲ್ಲಿ ನಿಂತಿದ್ದರು. ಬಯಲಿನಲ್ಲಿ ಎದುರಾಳಿಯೆಂಬ ಪ್ರಾಣಿ ಇರಲಿಲ್ಲ.

ಚೆಂಡು ಉರುಳಿ ಉರುಳಿ, ಮೂರ್ತಪ್ಪನವರ ಮನೆಗೂ ಪುಟ್ಟಯ್ಯನ ಮನೆಗೂ ನಡುವಿನ ಸುಣ್ಣದ ಗೆರೆಯ ಮೇಲೆ ಸರಿಯಾಗಿ ಬಂದು ನಿಂತಿತು.

"ಪುಟ್ಟಯ್ಯ, ಅದು ನಿಮ್ಮ ಕಡೆ ಹೆಚ್ಚಿಗಿದೆ" ಎಂದರು ಮೂರ್ತಪ್ಪನವರು.

"ಇಲ್ಲ ಸ್ವಾಮಿ, ಹೊಲಿಗೆ ಇರೋ ಭಾಗ ನಿಮ್ಮ ಕಡೆ ಇದೆ. ಹೊಲಿಗೆ ಇರೋದೇ ಮುಖ."

"ಹಾಗಂತ ಎಲ್ಲಿದೆ?"

"ಅಳತೆ ಹಾಕ್ಸಿ ಬೇಕಾದ್ರೆ."

"ಹಾಕ್ಸೋಣ. ಹೂವಪ್ಪ, ಸರಪಳಿ ತಗೊಂಬಾ."

"ನಾನು ನನ್ನ ಸರಹದ್ದು ಬಿಡಂಗಿಲ್ವಲ್ಲ ಬುದ್ಧಿ" ಎಂದ ಹೂವಪ್ಪ, ಎತ್ತಿದ ಕೈ ಇಳಿಸದೆ.

ಗೇಟಿನಲ್ಲಿ ಹಾಜರಿಯ ಸಾಲು ಕರಗುತ್ತಿತ್ತು. ವೆಂಕಟಾಚಲ ತನ್ನ ಮನೆಯಲ್ಲಿ ನಿಂತು ಆ ಚೆಂಡನ್ನೂ, ಕಾಯುವವರಿಲ್ಲದ ಆ ಬುಟ್ಟಿಯನ್ನೂ ನೋಡಿದ. ಗೆದ್ದರೆ ಖಾಯಂ, ತುಂಗಮ್ಮ. ಗೆಲ್ಲಲು ಗೆರೆ ದಾಟಬೇಕು. ದಾಟಿದರೆ ಇರುವ ಕಲ್ಲೂ ಹೋಯಿತು. ಹಾಳಾದ ಆ ಎರಡು ಹುಕುಮನ್ನೂ ತಾನೇ ಬರೆದೆನಲ್ಲ ಎಂದು ಅಳು ಬಂತು.

"ಹೋಗ್ರೀ ಮಾರಾಯ್ರೇ!" ಎಂದು ಹೆಂಗಸರ ಕಡೆಯಿಂದ ಒಂದು ದನಿ ಕೂಗಿತು. "ಯಾರ ಅಪ್ಪಣೆಗೆ ಕಾಯ್ತಾ ನಿಂತಿದೀರಿ? ಎತ್ಕೊಂಡು ಓಡ್ರೀ!"

ಮದುವೆಯಾಗದ ಹೆಣ್ಣು ಸಾರ್ವಜನಿಕವಾಗಿ ಹಾಗೆ ಕೂಗಿದ್ದು ಭದ್ರಾವತಿಯಲ್ಲಿ ಅದೇ ಮೊದಲು. ವೆಂಕಟಾಚಲನ ಕಾಲು ಅವನನ್ನು ಕೇಳದೆ ಗೆರೆ ದಾಟಿತು. ಚೆಂಡು ಎತ್ತಿಕೊಂಡ, ಓಡಿದ, ಪಂಚೆ ತೊಡರಿ ಬಿದ್ದ, ಎದ್ದ, ಓಡಿದ, ಬುಟ್ಟಿಯ ಕೆಳಗೆ ನಿಂತು ಎರಡೂ ಕೈಯಿಂದ ಎಸೆದ. ಚೆಂಡು ಬುಟ್ಟಿಯೊಳಗೆ ಬಿದ್ದು ಅಲ್ಲೇ ಕೂತಿತು. ಹೊತ್ತು ಮುಗಿಯಿತೆಂದು ಅಂಪೈರರು ಶಿಳ್ಳೆ ಊದಿದರು. ಸರಹದ್ದು ಕಲ್ಲುಗಳ ಕಚೇರಿ ಗೆದ್ದಿತು.

ಮರುದಿನ ವಿಚಾರಣೆ. ಹುಲಿಯಪ್ಪನವರು ಎರಡೂ ಹುಕುಮುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅವರು ಕೆಟ್ಟವರಲ್ಲ.

"ನೋಡಯ್ಯ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ" ಎಂದರು ಮೆಲ್ಲಗೆ. "ಚೆಂಡು ಎಸೆದದ್ದು ನಾನೇ ಅಂದ್ರೆ ನೀನು ಸರಹದ್ದು ಬಿಟ್ಟ ಹಾಗಾಯ್ತು. ಇವತ್ತೇ ಮನೆಗೆ ಹೋಗ್ಬೇಕು. ಬಿಟ್ಟಿಲ್ಲ ಅಂದ್ರೆ ಕಲ್ಲು ನಿಂದೇ. ಏನಂತೀಯ?"

"ಸಾವಿರ ಜನ ನೋಡಿದಾರೆ ಸ್ವಾಮಿ."

"ಅವರು ಈ ಕಚೇರಿಯವರಲ್ಲ."

ವೆಂಕಟಾಚಲ ಬಾಗಿಲಿಂದಾಚೆ ಕಾಣುತ್ತಿದ್ದ ಬೆತ್ತದ ಕುರ್ಚಿಯನ್ನು ನೋಡಿದ. "ನಾನು ಸರಹದ್ದು ಬಿಡ್ಲಿಲ್ಲ ಸ್ವಾಮಿ" ಎಂದ.

ಹೇಳಿಕೆ ದಾಖಲಾಯಿತು. ಮೂರ್ತಪ್ಪನವರು ಬಿಟ್ಟಿರಲಿಲ್ಲ, ಪುಟ್ಟಯ್ಯ ಬಿಟ್ಟಿರಲಿಲ್ಲ, ಹೂವಪ್ಪನ ಕೈ ಇನ್ನೂ ಪೂರ್ತಿ ಇಳಿದಿರಲಿಲ್ಲ. ಎದುರಾಳಿಗಳು ಬಯಲಿನಲ್ಲೇ ಇರಲಿಲ್ಲ. ಆದರೆ ಗೆಲುವು ಆಗಿತ್ತು. ಗೆಲುವಿಗೆ ಕಾರಣರಾದವರನ್ನು ನೇಮಿಸದಿದ್ದರೆ ಮೊದಲ ಹುಕುಮಿನ ಉಲ್ಲಂಘನೆಯಾಗುತ್ತಿತ್ತು. ಹಾಗಾದರೆ ಆ ಬುಟ್ಟಿಯವರೆಗೆ ಹೋದವರು ಯಾರು?

"ಚೆಂಡು" ಎಂದರು ಮೂರ್ತಪ್ಪನವರು.

ಯಾರೂ ನಗಲಿಲ್ಲ. ಹುಲಿಯಪ್ಪನವರು ಎರಡೂ ಹುಕುಮುಗಳನ್ನು ಇನ್ನೊಮ್ಮೆ ಓದಿ, ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಕಾಣುವುದಿಲ್ಲವೆಂದರು. ಚೆಂಡಿಗೆ ಯಾವ ಸರಹದ್ದೂ ಹಂಚಿಕೆಯಾಗಿರಲಿಲ್ಲ, ಆದ್ದರಿಂದ ಅದು ಬಿಟ್ಟು ಹೋದದ್ದೂ ಇಲ್ಲ. ಸ್ವಂತ ಪ್ರಯತ್ನದಿಂದ ಮೇಲೆ ಹೋಗಿ ತನ್ನ ಸ್ಥಾನದಲ್ಲಿ ಕೂತಿತ್ತು. ನೇಮಕಕ್ಕೆ ಮುಂಚೆ ಅದನ್ನು ವೈದ್ಯರ ಮುಂದೆ ಹಾಜರುಪಡಿಸಲಾಯಿತು. ಅವರು ತಟ್ಟಿ ನೋಡಿ, ನಾಡಿ ಸಿಗಲಿಲ್ಲವೆಂದೂ, ಉಸಿರು ಬಿಗಿ ಹಿಡಿಯುವ ಶಕ್ತಿ ಮಾತ್ರ ಈ ಕಚೇರಿಯ ಬೇರೆ ಯಾರಿಗಿಂತಲೂ ಉತ್ತಮವಾಗಿದೆಯೆಂದೂ ಬರೆದುಕೊಟ್ಟರು. ಸೋಮವಾರ ಒಳ್ಳೆಯ ಮುಹೂರ್ತದಲ್ಲಿ ಚೆಂಡು ಬೆತ್ತದ ಕುರ್ಚಿಯ ಮೇಲೆ ಕೂತು ಕೆಲಸಕ್ಕೆ ಹಾಜರಾಯಿತು. ಎಲ್ಲರೂ ಎದ್ದು ನಿಂತರು. ಚೆಂಡಿನ ಪರವಾಗಿ ಕೆಲಸ ನಿರ್ವಹಿಸಲು ವೆಂಕಟಾಚಲನನ್ನು ಹಂಗಾಮಿಯಾಗಿ ಮುಂದುವರಿಸಲಾಯಿತು.

ಚೆಂಡಿನ ಆಡಳಿತ ಚೆನ್ನಾಗಿತ್ತೆಂದೇ ಹೇಳಬೇಕು. ಹುಲಿಗೆಮ್ಮ ಮತ್ತೆ ಬಂದಾಗ, "ಹೊಸ ಗುಮಾಸ್ತರನ್ನ ಕೇಳಮ್ಮ" ಎಂದು ಎಲ್ಲರೂ ಕುರ್ಚಿಯ ಕಡೆ ತೋರಿಸಿದರು. ಮುದುಕಿ ಚೆಂಡಿನ ಮುಂದೆ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಳು. ಚೆಂಡು "ನನ್ನ ಸರಹದ್ದಲ್ಲ" ಎನ್ನಲಿಲ್ಲ. ನಾಳೆ ಬಾ ಎನ್ನಲಿಲ್ಲ. ಆಕ್ಷೇಪಣೆ ಇಲ್ಲದಿದ್ದರೆ ಒಪ್ಪಿಗೆಯೆಂದೇ ನಿಯಮ. ಅವಳ ಕಲ್ಲು ಗಾಡಿ ಹತ್ತಿ ಸೋಗಾನೆಗೆ ಹೋಯಿತು. "ಇಷ್ಟು ವರ್ಷಕ್ಕೆ ಒಬ್ಬ ಮನುಷ್ಯ ಸಿಕ್ದ ನೋಡು ಈ ಆಫೀಸ್ನಾಗೆ" ಎಂದು ಮುದುಕಿ ಚೆಂಡಿಗೆ ದೃಷ್ಟಿ ತೆಗೆದು ಹೋದಳು. ವೆಂಕಟಾಚಲ ನಾಲ್ಕು ದಿನ ನಿಂತು ಬರೆದ. ಆಮೇಲೆ ಬೇರೊಂದು ಹೊಲದ ಕಲ್ಲು ಬಂತು.

ದೀಪಾವಳಿಗೆ ಮುಂಚೆ ಸಿದ್ದಯ್ಯ ಮಗಳನ್ನು ಕರೆದುಕೊಂಡು ರೈಲಿನಲ್ಲಿ ಬಂದ. ವೆಂಕಟಾಚಲ ತಲೆ ತಗ್ಗಿಸಿ, ತಾನು ಖಾಯಂ ಆಗಲಿಲ್ಲವೆಂದ. ಆಗಿರುವವರು ಯಾರೆಂದು ಸಿದ್ದಯ್ಯ ಕೇಳಿದ. ಕುರ್ಚಿಯನ್ನು ತೋರಿಸಲಾಯಿತು.

ಸಿದ್ದಯ್ಯ ಕುರ್ಚಿಯ ಸುತ್ತ ಒಂದು ಸುತ್ತು ಬಂದ. "ಕುಡಿತ ಗಿಡಿತ?"

"ಇಲ್ಲ" ಎಂದರು ಮೂರ್ತಪ್ಪನವರು. "ಎಲೆಅಡಿಕೆ ಕೂಡ ಇಲ್ಲ."

"ಅತ್ತೆ ಕಾಟ?"

"ಒಂಟಿ ಜೀವ."

"ಊರಿಗೆ ಮಾತು ಕೊಟ್ಟಿದೀನಿ, ಸರಹದ್ದು ಕಚೇರಿಯ ಖಾಯಂ ಗುಮಾಸ್ತನಿಗೇ ಮಗಳು ಅಂತ" ಎಂದು ಸಿದ್ದಯ್ಯ ನಿಟ್ಟುಸಿರು ಬಿಟ್ಟ. "ಗುಣವಂತನ ಹಾಗೇ ಕಾಣ್ತಾನೆ. ಏನಮ್ಮ ತುಂಗಾ?"

ವೆಂಕಟಾಚಲನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತುಂಗಮ್ಮ ಚೆಂಡನ್ನು ನೋಡಿದಳು, ಕಲ್ಲಿನ ಪಕ್ಕ ನಿಂತವನನ್ನು ನೋಡಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಹಳ ವಿನಯದಿಂದ, "ನೀವು ಹೇಳಿದ ಹಾಗೇ ಆಗ್ಲಿ ಅಪ್ಪಾ. ಆದ್ರೆ ತಾಳಿ ಕಟ್ಟೋಕೆ ಅವರಿಗೆ ಕೈ ಇಲ್ವಲ್ಲ?" ಎಂದಳು. "ಖಾಯಂ ನೌಕರರಿಗೆ ಕೈಲಾಗದ ಕೆಲಸವನ್ನ ಈ ಆಫೀಸಿನಲ್ಲಿ ಯಾರು ಮಾಡ್ತಾರೆ?"

"ಹಂಗಾಮಿ" ಎಂದು ಇಡೀ ಕಚೇರಿ ಒಂದೇ ಉಸಿರಿಗೆ ಹೇಳಿತು.

"ತಾಳಿ ಕಟ್ಟಿದ ಮೇಲೂ ಸಂಸಾರದಲ್ಲಿ ಬೇಕಾದಷ್ಟು ಕೆಲಸ ಇರತ್ತೆ" ಎಂದಳು ತುಂಗಮ್ಮ, ನೆಲ ನೋಡುತ್ತಾ.

ಹುಲಿಯಪ್ಪನವರು ಅಲ್ಲೇ ಹುಕುಂ ಮಾಡಿದರು. ವೆಂಕಟಾಚಲ ಹಂಗಾಮಿ ವರನಾಗಿ ನೇಮಕವಾದ; ಪ್ರತಿ ದಸರಾ ಹೊತ್ತಿಗೆ ವಧುವಿನ ಶಿಫಾರಸಿನ ಮೇಲೆ ಒಂದು ವರ್ಷ ಮುಂದುವರಿಸತಕ್ಕದ್ದು. ಮದುವೆ ಭದ್ರಾವತಿಯಲ್ಲಿ ಅದ್ದೂರಿಯಾಗಿ ಆಯಿತು. ಮಣೆಯ ಮೇಲೆ ಚೆಂಡಿಗೆ ಬಾಸಿಂಗ ಕಟ್ಟಿ ಕೂರಿಸಿದ್ದರು. ಪುರೋಹಿತರು ವರನ ಗೋತ್ರ ಕೇಳಿದಾಗ ಕಚೇರಿಯ ವಿಳಾಸ ಕೊಡಲಾಯಿತು. ಪಕ್ಕದಲ್ಲಿ ನಿಂತ ವೆಂಕಟಾಚಲ ಮೂರು ಗಂಟು ಹಾಕಿದ. ಹಾಕುವಾಗ ತುಂಗಮ್ಮ, "ಗಟ್ಟಿಯಾಗಿ ಹಾಕ್ರೀ, ಹಂಗಾಮಿ ಗಂಟು ಬೇಡ" ಎಂದು ಪಿಸುಗುಟ್ಟಿದಳು. ಅವನು ಅಷ್ಟು ಸಂತೋಷವಾಗಿದ್ದದ್ದು ಅದಕ್ಕೆ ಮುಂಚೆ ಇಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ವೆಂಕಟಾಚಲ ಕಚೇರಿಗೆ ಬಂದು ನೋಡಿದರೆ ಕುರ್ಚಿಯ ಸುತ್ತ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ಇಲಿ ಕಡಿದಿತ್ತು. ಚೆಂಡು ಚಪ್ಪಟೆಯಾಗಿ ಬಿದ್ದಿತ್ತು.

"ಹೋಗ್ಬಿಟ್ರು" ಎಂದರು ಮೂರ್ತಪ್ಪನವರು. ಅವರು ನಿವೃತ್ತರಾಗಿದ್ದರೂ ತಮ್ಮ ಸರಹದ್ದು ಬಿಟ್ಟಿರಲಿಲ್ಲ. ಹುಲಿಯಪ್ಪನವರು ಬಂದು, ಒಂದು ನಿಮಿಷ ಮೌನವಾಗಿದ್ದು, ವೆಂಕಟಾಚಲನ ಹೆಗಲ ಮೇಲೆ ಕೈ ಇಟ್ಟರು. "ಹುದ್ದೆ ಖಾಲಿಯಾಯ್ತು ಕಣಯ್ಯ. ಇನ್ನು ಯಾವ ಅಡ್ಡಿಯೂ ಇಲ್ಲ. ಕೂತ್ಕೋ."

ವೆಂಕಟಾಚಲ ಕುರ್ಚಿಯ ಕೈ ಹಿಡಿದ. ಬೆತ್ತ ನುಣುಪಾಗಿತ್ತು, ಅವನೇ ದಿನಾ ಒರೆಸಿ ಒರೆಸಿ ಹಾಗಾಗಿತ್ತು. ಇನ್ನೇನು ಕೂರಬೇಕು.

"ಮೊದಲು ಮನೆಗೆ ಹೇಳಿ ಕಳಿಸ್ಬೇಕು" ಎಂದರು ಮೂರ್ತಪ್ಪನವರು ಕಣ್ಣೊರೆಸಿಕೊಳ್ಳುತ್ತಾ. "ಪಾಪ, ಆ ಹೆಣ್ಣುಮಗಳು. ಇನ್ನೂ ಚಿಕ್ಕ ವಯಸ್ಸು. ಇವತ್ತಿಂದ ಹಣೆಗೆ ಕುಂಕುಮ ಇಲ್ಲ, ಕೈಗೆ ಬಳೆ ಇಲ್ಲ. ನಿನ್ನ ಹಂಗಾಮಿ ಕೆಲಸವೂ ಮುಗೀತಲ್ಲಯ್ಯ ಅಲ್ಲಿ."

ವೆಂಕಟಾಚಲ ಕುರ್ಚಿಯಿಂದ ಕೈ ತೆಗೆದ. ಆ ಬೆಳಿಗ್ಗೆ ತುಂಗಮ್ಮ ಕನ್ನಡಿಯ ಮುಂದೆ ಕುಂಕುಮ ಇಟ್ಟುಕೊಳ್ಳುತ್ತಾ, ಬರುವಾಗ ಸೌತೆಕಾಯಿ ತನ್ನಿ ಎಂದಿದ್ದಳು. ಅವನು ಚಪ್ಪಟೆ ಚೆಂಡನ್ನು ಎದೆಗೆ ಅವುಚಿಕೊಂಡು ಬಾಗಿಲಾಚೆ ಓಡಿದ. ಹೂವಪ್ಪ ಕೈ ಚಾಚಿದರೂ ಅದರ ಅಡಿಯಲ್ಲಿ ನುಸುಳಿದ. ಸೈಕಲ್ ಅಂಗಡಿಯವನ ಮುಂದೆ ಕೂತು ತೂತಿಗೆ ತೇಪೆ ಹಾಕಿಸಿ, ಅದೇ ಓಟದಲ್ಲಿ ಬಂದು, ಎಲ್ಲರ ಎದುರಿಗೆ ಚೆಂಡಿನ ಕೊಳವೆಗೆ ಬಾಯಿ ಇಟ್ಟು ಊದಿದ. ಕಣ್ಣು ಕತ್ತಲೆ ಬಂತು, ಊದಿದ. ಚೆಂಡು ಮೆಲ್ಲಗೆ ಅಲುಗಾಡಿ, ಹೊಟ್ಟೆ ಎತ್ತಿ, ದುಂಡಗಾಯಿತು.

"ಬಂತು, ಜೀವ ಬಂತು!" ಎಂದರು ಮೂರ್ತಪ್ಪನವರು. ಹುಲಿಯಪ್ಪನವರು ವೆಂಕಟಾಚಲನ ಹೆಸರಿಗೆ ಆಗಲೇ ಬರೆದಿಟ್ಟಿದ್ದ ನೇಮಕದ ಹುಕುಂ ಹರಿದು ಹಾಕಿ, ಚೆಂಡಿಗೆ ಅರ್ಧ ದಿನದ ರಜೆ ಮಂಜೂರು ಮಾಡಿದರು.

ಸಂಜೆ ಊಟಕ್ಕೆ ಕೂತಾಗ ಅವನು, "ಇವತ್ತು ನಾನು ಖಾಯಂ ಆಗ್ಬೇಕಿತ್ತು" ಎಂದು ನಡೆದದ್ದನ್ನೆಲ್ಲ ಹೇಳಿದ. ತುಂಗಮ್ಮ ಸೌಟು ಹಿಡಿದು ಕೇಳಿದಳು, ನಕ್ಕಳು, ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು.

"ಬೇಡ ಬಿಡ್ರೀ ಮಾರಾಯ್ರೇ" ಎಂದಳು. "ಖಾಯಂ ಆದವರು ಯಾರು ನನಗೋಸ್ಕರ ಹೀಗೆ ಓಡ್ತಾರೆ?"

ಆ ದಸರಾಕ್ಕೂ ಅವಳು ಶಿಫಾರಸು ಬರೆದು ಕಳಿಸಿದಳು: ಕೆಲಸ ತೃಪ್ತಿಕರ, ಇನ್ನೊಂದು ವರ್ಷ ಮುಂದುವರಿಸಬಹುದು. ಅಂದಿನಿಂದ ವೆಂಕಟಾಚಲ ಬೆಳಿಗ್ಗೆ ಕಚೇರಿಗೆ ಬಂದವನೇ ಕುರ್ಚಿಯ ಧೂಳು ಒರೆಸಿ, ಚೆಂಡಿಗೆ ಗಾಳಿ ಸರಿಯಾಗಿದೆಯೇ ಎಂದು ಒತ್ತಿ ನೋಡಿ, ತನ್ನ ಕಲ್ಲಿನ ಮೇಲೆ ಕೂತು ಬರೆಯಲು ಶುರುಮಾಡುತ್ತಿದ್ದ.